ಎರಡು ಗುಂಡುಗಳ ನಡುವೆ

1705ರ ಫೆಬ್ರವರಿ 8ರಂದು ಔರಂಗಜೇಬ ವಾಗಣಗೇರಾದ ಎದುರು ಬಂದು ಡೇರೆ ಹೊಡೆದಾಗ ಅವನಿಗೆ 86 ವರ್ಷ. ಬಿಜಾಪುರ ಬಿದ್ದು ಹದಿನೆಂಟು ವರ್ಷ ಕಳೆದಿತ್ತು. ಅದರ ಮರುವರ್ಷವೇ ಗೋಲ್ಕೊಂಡವೂ ಹೋಗಿತ್ತು. ಸಂಭಾಜಿಯನ್ನು ಕೊಲ್ಲಿಸಿ, ಜಿಂಜಿ ಹಿಡಿಸಿ, ಸಹ್ಯಾದ್ರಿಯ ಕೋಟೆಗಳನ್ನು ಒಂದೊಂದಾಗಿ ಕೆಲವನ್ನು ಕಾದಾಡಿ, ಕೆಲವನ್ನು ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಬಾದಶಹ ಈಗ ಕೃಷ್ಣಾ, ಭೀಮಾ ನಡುವಿನ ಈ ಕಲ್ಲುಗುಡ್ಡಗಳ ಸೀಮೆಗೆ ತಾನೇ ಬಂದದ್ದು ಒಬ್ಬ ಬೇಡ ನಾಯಕನನ್ನು ಹಿಡಿಯಲಿಕ್ಕೆ. ಆ ನಾಯಕನ ಹತ್ತಿರ ಹೇಳಿಕೊಳ್ಳುವಂಥ ಕಲ್ಲಿನ ಮಹಾಕೋಟೆ ಇರಲಿಲ್ಲ. ಇದ್ದದ್ದು ಗುಡ್ಡ, ಗುಡ್ಡದ ಬುಡದಲ್ಲಿ ಮಣ್ಣಿನ ಗೋಡೆಯ ಪೇಟೆ, ಸುತ್ತ ನಾಲ್ಕಾರು ಹಳ್ಳಿ, ಮತ್ತು ಬತ್ತಿ ಬಂದೂಕು ಹಿಡಿದ ಸಾವಿರಾರು ಬೇಡರು.

ಇಂದು ನಾರಾಯಣಪುರದಿಂದ ಸುರಪುರದ ಕಡೆ ಹೊರಟರೆ ದಾರಿಯುದ್ದಕ್ಕೂ ಬಸವಸಾಗರದ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. 1982ರಲ್ಲಿ ಜಲಾಶಯದ ಕೆಲಸ ಮುಗಿದ ಮೇಲೆ ಬಂದ ಹಸಿರು ಇದು. ಅದಕ್ಕೆ ಮೊದಲು ಇದು ಜೋಳ, ತೊಗರಿ, ಕುರಿಗಳ ಸೀಮೆ. ಅಲ್ಲಲ್ಲಿ ನೆಲ ಸೀಳಿ ಎದ್ದ ಬಂಡೆಗುಡ್ಡಗಳು, ಅವುಗಳ ಸಂದಿಯಲ್ಲಿ ಕುರುಚಲು. ಬೇಡರ ಇತಿಹಾಸವನ್ನು ತಿಳಿಯಬೇಕಾದರೆ ಗದ್ದೆಯನ್ನು ಮರೆತು ಬಂಡೆಗಳನ್ನು ನೋಡಬೇಕು. ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತು, ನಳಿಗೆಯನ್ನು ಕಲ್ಲಿನ ಮೇಲೆ ಊರಿ, ತಲೆ ಕಾಣಿಸದ ಹಾಗೆ ಗುರಿ ಹಿಡಿಯಲು ಹೇಳಿ ಮಾಡಿಸಿದಂಥ ಬಂಡೆಗಳು.

ಯಾಕೆ ಬಂಡೆ ಎಂಬುದು ಗೊತ್ತಾಗಬೇಕಾದರೆ ಬತ್ತಿ ಬಂದೂಕನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಉದ್ದನೆಯ ಕಬ್ಬಿಣದ ನಳಿಗೆ, ತೆಳ್ಳನೆಯ ಮರದ ಹಿಡಿ. ಮೊದಲು ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಹೆಚ್ಚಾದರೆ ನಳಿಗೆ ಸೀಳುತ್ತದೆ, ಕಡಿಮೆಯಾದರೆ ಗುಂಡು ಮುಂದೆಯೇ ಬೀಳುತ್ತದೆ. ಅದರ ಮೇಲೆ ಸೀಸದ ಗುಂಡು, ಗುಂಡು ಜಾರದಂತೆ ಚಿಂದಿ. ನಳಿಗೆಯ ಕೆಳಗಿಟ್ಟ ಗಜವನ್ನು ಎಳೆದು ಎಲ್ಲವನ್ನೂ ಗಟ್ಟಿಯಾಗಿ ಜಡಿಯಬೇಕು, ಗಜವನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಬೇಕು. ಅವಸರದಲ್ಲಿ ಗಜವನ್ನು ನಳಿಗೆಯೊಳಗೇ ಬಿಟ್ಟು ಗುಂಡಿನ ಜೊತೆ ಹಾರಿಸಿದವರೂ ಉಂಟು. ಆಮೇಲೆ ನಳಿಗೆಯ ಹಿಂಬದಿಯ ಸಣ್ಣ ಬಟ್ಟಲಿಗೆ ನುಣ್ಣನೆಯ ರಂಜಕ ಹಾಕಿ, ಕೈಗೆ ಸುತ್ತಿಕೊಂಡ ಬತ್ತಿಯ ಕೆಂಡವನ್ನು ಊದಿ ಕೆಂಪಗೆ ಮಾಡಿ, ಕುದುರೆ ಎಂಬ ಕೊಕ್ಕೆಗೆ ಸಿಕ್ಕಿಸಿ, ಗುರಿ ನೋಡಿ ಎಳೆಯಬೇಕು. ಬತ್ತಿ ಬಟ್ಟಲಿಗೆ ತಾಗಿ ರಂಜಕ ಹೊತ್ತಿ, ಆ ಬೆಂಕಿ ಸಣ್ಣ ತೂತಿನಿಂದ ಒಳಗೆ ನುಗ್ಗಿ ಮದ್ದಿಗೆ ಹಿಡಿದರೆ ಗುಂಡು ಹಾರಿತು. ಗಾಳಿ ಬೀಸಿ ರಂಜಕ ಹಾರಿಹೋದರೆ, ಮಳೆ ಬಂದು ಬತ್ತಿ ನಂದಿದರೆ, ಮತ್ತೆ ಮೊದಲಿನಿಂದ.

ಪಳಗಿದ ಕೈಗೂ ಇದಕ್ಕೆಲ್ಲ ಅರ್ಧ ನಿಮಿಷಕ್ಕಿಂತ ಹೆಚ್ಚೇ ಬೇಕು. ಆ ಹೊತ್ತಿನಲ್ಲಿ ಬಂದೂಕುದಾರನ ಕೈಯಲ್ಲಿರುವುದು ಬರೀ ಒಂದು ಕೊಳವೆ. ಕುದುರೆ ಸವಾರನಿಗೆ ಆ ಅರ್ಧ ನಿಮಿಷ ಧಾರಾಳವಾಗಿ ಸಾಕು, ಬಂದು ತಲೆ ಕಡಿದು ಹೋಗುತ್ತಾನೆ. ಬಂದೂಕಿನ ನಾನ್ನೂರು ವರ್ಷದ ಚರಿತ್ರೆಯನ್ನು ಒಂದೇ ದಾರದಲ್ಲಿ ಪೋಣಿಸಬೇಕೆಂದರೆ ಅದು ಈ ಅರ್ಧ ನಿಮಿಷದ್ದು. ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವಿನ ಹೊತ್ತನ್ನು ಯಾರು ಹೇಗೆ ತುಂಬಿದರು, ಹೇಗೆ ಕಿರಿದು ಮಾಡಿದರು, ಕೊನೆಗೆ ಅದನ್ನು ಯಾರಿಗೆ ಕೊಟ್ಟರು, ಯಾರಿಂದ ಕಸಿದರು ಎಂಬುದೇ ಕಥೆ. ಬೇಡರು ಅದನ್ನು ಬಂಡೆಯಿಂದ ತುಂಬಿದರು. ಕಲ್ಲಿನ ಮರೆಯಲ್ಲಿ ಕೂತವನಿಗೆ ಅವಸರವಿಲ್ಲ. ಅವನ ಬಂದೂಕು ಸುಮ್ಮನಾದ ಹೊತ್ತಿಗೆ ಪಕ್ಕದ ಬಂಡೆಯದು ಮಾತಾಡುತ್ತದೆ. ಶತ್ರು ತೀರ ಹತ್ತಿರ ಬಂದರೆ ಮೇಲಿನಿಂದ ಉರುಳಿಸಲು ಕಲ್ಲು ಇದ್ದೇ ಇದೆ. ಅದಕ್ಕೂ ಆಗದಿದ್ದರೆ ರಾತ್ರಿ ಇದೆ. ಮೊಗಲರು ಇವರನ್ನು ಕರೆಯುತ್ತಿದ್ದದ್ದೇ ‘ಕಾಲಾ ಪಿಯಾದೆ’, ಕರಿಯ ಕಾಲಾಳುಗಳು ಎಂದು. ಗುರಿಗೂ ರಾತ್ರಿ ದಾಳಿಗೂ ಹೆಸರಾದವರು.

ಇವರ ಮೊದಲ ರಾಜಧಾನಿ ಶಹಾಪುರದ ಬಳಿಯ ಸಗರ. ಬಿಜಾಪುರದ ಆದಿಲಶಾಹಿಗೆ ನಡೆದುಕೊಂಡಿದ್ದ ಪಾಮನಾಯಕ 1687ರ ಕೊನೆಯಲ್ಲಿ ಸಗರವನ್ನು ಮೊಗಲರಿಗೆ ಒಪ್ಪಿಸಿ ದರಬಾರಿಗೆ ಹೋದವನು ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ದತ್ತುಮಗ ಪಿಡ್ಡನಾಯಕ ಬೇರೆಯೇ ಬಗೆಯ ಮನುಷ್ಯ. ಮೊಗಲರ ಚಾಕರಿಗೆ ಸೇರಿ ರಾಯಚೂರಿನ ಮುತ್ತಿಗೆಯಲ್ಲಿ ಕೆಲಸ ಮಾಡಿ ಭೇಷ್ ಅನ್ನಿಸಿಕೊಂಡ. ಇನ್ನಷ್ಟು ಜನ ಕೂಡಿಸಿಕೊಂಡು ಬರುತ್ತೇನೆಂದು ಒಂದು ವಾರದ ರಜೆ ಕೇಳಿ ವಾಗಣಗೇರಾಕ್ಕೆ ಹೋದ. ಹೋದವನು ಬರಲಿಲ್ಲ. ಗುಡ್ಡ ಗಟ್ಟಿ ಮಾಡಿಕೊಂಡ, ಜನ ಸೇರಿಸಿದ, ಊರೂರು ಸುಲಿದ. ಬಾದಶಹನ ಮಕ್ಕಳೂ ಸೇನಾಪತಿಗಳೂ ದಂಡು ಕಟ್ಟಿಕೊಂಡು ಬಂದಾಗಲೆಲ್ಲ ತಪ್ಪಾಯಿತೆಂದು ಕಾಣಿಕೆ ಕೊಟ್ಟು ಕಳಿಸಿ, ಬೆನ್ನು ತಿರುಗಿದ ಕೂಡಲೇ ಮೊದಲಿನಂತೆಯೇ ಇದ್ದ.

ಆದ್ದರಿಂದ 1705ರಲ್ಲಿ ಮುದುಕ ಬಾದಶಹ ತಾನೇ ಬಂದ. ಜೊತೆಗೆ ಚಿನ್ ಕಿಲಿಚ್ ಖಾನ್ (ಮುಂದೆ ಹೈದರಾಬಾದಿನ ಮೊದಲ ನಿಜಾಮನಾದವನು ಇವನೇ), ತೋಪುಗಳ ಮೇಲ್ವಿಚಾರಕ ತರ್ಬಿಯತ್ ಖಾನ್. ಒಂದು ಬೆಳಿಗ್ಗೆ ಸರದಾರರು ನೆಲ ನೋಡುತ್ತಾ ಹೊರಟಾಗ ಕೋಟೆಯ ಎದುರಿನ ಲಾಲ್ ಟೇಕಡಿ ಎಂಬ ಕೆಂಪುಗುಡ್ಡದಲ್ಲಿ ಕಾವಲೇ ಇಲ್ಲದ್ದನ್ನು ಕಂಡರು. ಹತ್ತಿ ಹಿಡಿದೇಬಿಟ್ಟರು. ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಕೈಯಳತೆಯಲ್ಲಿ. ಆದರೆ ಗುಡ್ಡದ ಮೇಲೆ ಮರೆ ತೋಡಿಕೊಳ್ಳಲು ಮಣ್ಣೇ ಇರಲಿಲ್ಲ, ಬರೀ ಬಂಡೆ. ಬೇಡರು ಇರುವೆಯಂತೆ ಮೇಲೇರಿ ಗುಂಡು, ಕಲ್ಲು ಸುರಿಸಿದರು. ಬಾದಶಹನ ದೊಡ್ಡ ಸೈನ್ಯ ಇಳಿದು ಬರಬೇಕಾಯಿತು.

ಮುಂದಿನ ಭಾಗ ನಾಟಕದ ಹಾಗಿದೆ. ಮಾರ್ಚ್ ತಿಂಗಳ ಕೊನೆಗೆ ಧನಾಜಿ ಜಾಧವ, ಹಿಂದೂರಾವ್ ಐದಾರು ಸಾವಿರ ಮರಾಠರನ್ನು ಕರೆದುಕೊಂಡು ಬಂದರು. ಅವರ ಸರದಾರರ ಹೆಂಡಿರು ಮಕ್ಕಳು ವಾಗಣಗೇರಾದಲ್ಲೇ ಆಶ್ರಯ ಪಡೆದಿದ್ದರು, ಮೊದಲು ಅವರನ್ನು ಬಿಡಿಸಿಕೊಂಡರು. ಮರಾಠರು ಅಲ್ಲೇ ನಿಲ್ಲಲೆಂದು ಪಿಡ್ಡನಾಯಕ ದಿನವಹಿ ಸಾವಿರಾರು ರೂಪಾಯಿ ಕೊಡುತ್ತಿದ್ದ. ಅಷ್ಟರಲ್ಲಿ ಅಬ್ದುಲ್ ಘನಿ ಎಂಬ ಕಾಶ್ಮೀರಿ ವ್ಯಾಪಾರಿಯೊಬ್ಬ ಶರಣಾಗತಿಯ ಅರ್ಜಿ ಹಿಡಿದು ಬಾದಶಹನ ಡೇರೆಗೆ ಬಂದ. ನಾಯಕನ ತಮ್ಮ ಸೋಮಶಂಕರ ಒತ್ತೆಯಾಗಿ ಬಂದು ಮನಸಬು ಪಡೆದ. ಮುಹ್ತಶಂ ಖಾನ್ ಎಂಬ ಅಧಿಕಾರಿ ಕೋಟೆ ವಶಕ್ಕೆ ತೆಗೆದುಕೊಳ್ಳಲು ಕೆಲವೇ ಜನರೊಂದಿಗೆ ಒಳಗೆ ಹೋದ. ನಗಾರಿ ಬಾರಿಸಿದ್ದಾಯಿತು, ಮುಬಾರಕ್ ಹೇಳಿದ್ದಾಯಿತು. ಆಗ ನಾಯಕನ ತಾಯಿಯಿಂದ ಸುದ್ದಿ ಬಂತು: ಮಗನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಓಡಿಹೋಗಿದ್ದಾನೆ, ಸೋಮಶಂಕರನನ್ನು ಕಳಿಸಿಕೊಟ್ಟರೆ ಒಂದು ವಾರದಲ್ಲಿ ಕೋಟೆ ತೆರವು ಮಾಡುತ್ತೇವೆ. ಬಾದಶಹ ನಂಬಿ ಕಳಿಸಿದ. ಒತ್ತೆ ಒಳಗೆ ಸೇರಿದ್ದೇ ತಡ, ಬಾಗಿಲು ಮುಚ್ಚಿತು. ಮುಹ್ತಶಂ ಖಾನ್ ಸೆರೆಯಾದ. ಬಂದೂಕುಗಳು ಮತ್ತೆ ಶುರುವಾದವು. ಆ ಹೊತ್ತಿಗೆ ಅರ್ಧ ನಿಮಿಷವನ್ನು ವಾರಗಟ್ಟಲೆ ಎಳೆಯುವ ವಿದ್ಯೆಯೂ ಬೇಡರಿಗೆ ಗೊತ್ತಿತ್ತು ಅನ್ನಬೇಕು.

ಕೊನೆಗೆ ಸೋತದ್ದು ಬಂದೂಕಿನಿಂದಲ್ಲ, ನೀರಿನಿಂದ. ಜುಲ್ಫಿಕರ್ ಖಾನ್ ನುಸ್ರತ್ ಜಂಗ್, ದಾವೂದ್ ಖಾನ್ ಪನ್ನಿ, ಬುಂದೇಲರ ದಲಪತ್ ರಾವ್ ಹೊಸ ದಂಡಿನೊಂದಿಗೆ ಬಂದು ಸೇರಿದರು. ದಲಪತ್ ರಾವ್‌ನ ಕಾರಕೂನ ಭೀಮಸೇನ ಇದನ್ನೆಲ್ಲ ಬರೆದಿಟ್ಟ, ನಮಗೆ ಇಷ್ಟು ಗೊತ್ತಿರುವುದರಲ್ಲಿ ಅದರ ಪಾಲೂ ಇದೆ. ನುಸ್ರತ್ ಜಂಗ್ ಗುಡ್ಡಕ್ಕಿಂತ ಮೊದಲು ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಬಾವಿ ಹೋದರೆ ಏನು ಉಳಿಯುತ್ತದೆ ಎಂದು ಸುರಪುರದವರಿಗೆ ಹೇಳಬೇಕಿಲ್ಲ. ಏಪ್ರಿಲ್ 27ರಂದು ಗುಡ್ಡದ ಬುಡದ ಪೇಟೆಯಾದ ತಳವಾರಗೇರಾದ ಮೇಲೆ ಏರಿಹೋದರು. ರಾತ್ರಿ ಕೋಟೆಯ ಬಂದೂಕುಗಳು ಒಮ್ಮೆಲೇ ಸುಮ್ಮನಾದವು. ಒಳಗೆ ಹೋಗಿ ನೋಡಿದರೆ ಗುಡಿಸಲುಗಳಿಗೆ ಬೆಂಕಿ, ನಡೆಯಲಾರದ ಕೆಲವು ಜನ, ಮತ್ತು ಸೆರೆಯಲ್ಲಿದ್ದ ಮುಹ್ತಶಂ ಖಾನ್. ಪಿಡ್ಡನಾಯಕ ಹಿಂಬದಿಯಿಂದ ಮಾಯವಾಗಿದ್ದ. ಊರಿಗೆ ರಹಮಾನಬಕ್ಷ್ ಖೇಡಾ ಎಂದು ಹೆಸರಿಟ್ಟರು, ಆ ಹೆಸರನ್ನು ಯಾರೂ ಹಿಡಿಯಲಿಲ್ಲ. ಔರಂಗಜೇಬ ತಾನೇ ನಿಂತು ಗೆದ್ದ ಕೊನೆಯ ಕೋಟೆ ಇದು. ಅಲ್ಲಿಂದ ಕೃಷ್ಣೆಯ ಕಡೆಗಿನ ದೇವಾಪುರಕ್ಕೆ ಬಂದು ಬಿಡಾರ ಮಾಡಿದವನು ಹಾಸಿಗೆ ಹಿಡಿದ, ಸತ್ತನೆಂದೇ ಸುದ್ದಿ ಹಬ್ಬಿತು. ಅಕ್ಟೋಬರ್‌ನಲ್ಲಿ ಪಲ್ಲಕ್ಕಿಯಲ್ಲಿ ಹೊರಟು ಅಹಮದನಗರ ಸೇರಿ 1707ರಲ್ಲಿ ಅಲ್ಲೇ ತೀರಿಕೊಂಡ. ಬೇಡರ ಗಾದಿ ಸುರಪುರದ ಗುಡ್ಡಗಳ ನಡುವೆ ನೆಲೆಯಾಗಿ ಇನ್ನೂ ಒಂದೂವರೆ ಶತಮಾನ ಬಾಳಿತು.

ಆ ಒಂದೂವರೆ ಶತಮಾನದಲ್ಲಿ ಯುದ್ಧದ ರೀತಿಯೇ ಬದಲಾಯಿತು. ಬದಲಾವಣೆ ತಂದವರಲ್ಲಿ ಫ್ರೆಂಚರು ಮುಂದೆ ಇದ್ದರು. 1750ರ ದಶಕದಲ್ಲಿ ಬುಸ್ಸಿ ಎಂಬ ಸೇನಾಪತಿ ನಿಜಾಮ ಸಲಾಬತ್ ಜಂಗ್‌ನ ಬೆನ್ನಿಗೆ ನಿಂತು ಇಡೀ ದಖನ್ನನ್ನು ಆಡಿಸಿದ. ಅವನ ಸಿಪಾಯಿಗಳ ಕೈಯಲ್ಲಿ ಬತ್ತಿಯಿಲ್ಲದ, ಚಕಮಕಿ ಕಲ್ಲಿನ ಬಂದೂಕು. ಆದರೆ ನಿಜವಾದ ಆಯುಧ ಕವಾಯತು. ಸಾಲು ಸಾಲಾಗಿ ನಿಲ್ಲಿಸಿ, ಒಂದು ತಂಡ ಹಾರಿಸುವಾಗ ಮತ್ತೊಂದು ಮದ್ದು ತುಂಬುವಂತೆ ಮಾಡಿದರೆ ಶತ್ರುವಿಗೆ ಆ ಅರ್ಧ ನಿಮಿಷ ಕಾಣುವುದೇ ಇಲ್ಲ. ಒಬ್ಬೊಬ್ಬನ ಗುರಿ ನೋಡಿದರೆ ಬೇಡನ ಉದ್ದ ನಳಿಗೆಯ ಬಂದೂಕೇ ಮೇಲು. ಆದರೆ ಬಯಲಿನಲ್ಲಿ ಸಾಲುಗಟ್ಟಿ ನಿಂತ ಐನೂರು ಸಾಧಾರಣ ಬಂದೂಕುದಾರರ ಮುಂದೆ ಐನೂರು ಜನ ಒಳ್ಳೆಯ ಬೇಟೆಗಾರರು ನಿಲ್ಲಲಾರರು. ಬಂಡೆಯ ಕೆಲಸವನ್ನು ಫ್ರೆಂಚರು ಮನುಷ್ಯರಿಂದ ಮಾಡಿಸಿದರು.

ಬುಸ್ಸಿಯ ನಂತರ ರೇಮೊಂ. 1786ರಲ್ಲಿ ನಿಜಾಮ ಅಲಿ ಖಾನನ ಚಾಕರಿಗೆ ಬಂದವನು ಸುಮಾರು ಹದಿನಾಲ್ಕು ಸಾವಿರ ಜನರ ಪಡೆ ಕಟ್ಟಿದ, ಹೈದರಾಬಾದಿನಲ್ಲಿ ತೋಪು, ಬಂದೂಕು ಎರಕ ಹೊಯ್ಯುವ ಕಾರ್ಖಾನೆ ಹಾಕಿದ. ಇಂದಿಗೂ ಆ ಜಾಗದ ಹೆಸರು ಗನ್ ಫೌಂಡ್ರಿ. ಹೈದರಾಬಾದಿಗೆ ಹೋಗುವ ನಮ್ಮ ಕಡೆಯವರು ಅಬಿಡ್ಸ್ ಸುತ್ತಮುತ್ತ ಓಡಾಡುವಾಗ ಈ ಹೆಸರನ್ನು ಓದಿರುತ್ತಾರೆ. ರೇಮೊಂ 1798ರ ಮಾರ್ಚ್‌ನಲ್ಲಿ ಸತ್ತ. ಅದೇ ಅಕ್ಟೋಬರ್‌ನಲ್ಲಿ ಇಂಗ್ಲಿಷರು ಅವನ ಪಡೆಯನ್ನು ಸುತ್ತುವರಿದು ಒಂದು ಗುಂಡೂ ಹಾರದಂತೆ ಬಂದೂಕು ಕೆಳಗಿಡಿಸಿದರು. ಟಿಪ್ಪು ಕೂಡ ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿ ಕುಶಲಕರ್ಮಿಗಳನ್ನು ಕರೆಸಿಕೊಂಡಿದ್ದ, ಅವನ ಕಥೆ 1799ರಲ್ಲಿ ಮುಗಿಯಿತು. ದಖನ್ನಿನಲ್ಲಿ ಫ್ರೆಂಚ್ ಬಂದೂಕಿನ ಅಧ್ಯಾಯ ಅಲ್ಲಿಗೆ ಮುಚ್ಚಿತು. ಅದರ ಜಾಗಕ್ಕೆ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ, ನಿಜಾಮನ ದುಡ್ಡಿನ ಹೈದರಾಬಾದ್ ಕಂಟಿಂಜೆಂಟ್ ಬಂತು. ಅದರ ಒಂದು ಠಾಣ್ಯ ಕೃಷ್ಣೆಯ ಆಚೆ ದಂಡೆಯ ಲಿಂಗಸುಗೂರಿನಲ್ಲಿ.

ಸುರಪುರದ ಜನ ಮಹದೇವ ಬಾಬಾ ಎಂದು ಕರೆದ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದದ್ದು 1841ರಲ್ಲಿ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ನಾಯಕರು ಇನ್ನೂ ಹುಡುಗ. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ನಡೆದ ಹಗ್ಗಜಗ್ಗಾಟವೇ ಒಂದು ಪುಸ್ತಕವಾದೀತು. ಹುಡುಗ ಟೇಲರನನ್ನು ‘ಅಪ್ಪಾ’ ಎನ್ನುತ್ತಿದ್ದ. ಟೇಲರ್ ರಾಜಸ್ವ ಸರಿಪಡಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಕೊಂಡ. ಈಗಲೂ ಅದು ಟೇಲರ್ ಮಂಜಿಲ್. ಬಿಡುವಾದಾಗ ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಗೆಸಿ ನೋಡಿದ. ನಮ್ಮ ಸೀಮೆಯ ಆ ಸಾವಿರಾರು ವರ್ಷ ಹಳೆಯ ಕಲ್ಲುಮನೆಗಳ ಬಗ್ಗೆ ಮೊದಲು ಬರೆದವರಲ್ಲಿ ಅವನೂ ಒಬ್ಬ. 1853ರಲ್ಲಿ ರಾಜ್ಯವನ್ನು ಪ್ರಾಯಕ್ಕೆ ಬಂದ ರಾಜರ ಕೈಗೆ ಒಪ್ಪಿಸಿ ನಳದುರ್ಗಕ್ಕೆ ಹೋದ.

ಐದು ವರ್ಷ ಕಳೆಯುವಷ್ಟರಲ್ಲಿ 1857 ಬಂತು. ಉತ್ತರದಲ್ಲಿ ಸಿಪಾಯಿಗಳು ಎದ್ದದ್ದು ತೋಟೆಯ ನೆಪದಲ್ಲಿ. ಹೊಸ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿಯಬೇಕಿತ್ತು, ಅದಕ್ಕೆ ಸವರಿದ ಕೊಬ್ಬು ಯಾವುದರದು ಎಂಬ ಅನುಮಾನ. ಹೊಸ ರೈಫಲ್ಲಿನ ನಳಿಗೆಯೊಳಗೆ ಸುರುಳಿಗೆರೆ, ಬತ್ತಿಯ ಬದಲು ತಾಮ್ರದ ಕೇಪು. ಮಳೆ ಗಾಳಿಗೆ ಅಂಜಬೇಕಿಲ್ಲ, ಗುರಿಯ ದೂರ ಹಳೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಂಡೆಯ ಮರೆಯಲ್ಲಿ ಕೂತ ಬೇಡನ ಬಂದೂಕು ತಲುಪದ ದೂರದಿಂದ ಅವನನ್ನು ಹುಡುಕಿ ಹೊಡೆಯಬಲ್ಲದ್ದು. ವೆಂಕಟಪ್ಪ ನಾಯಕರು ಅರಬರನ್ನೂ ರೋಹಿಲರನ್ನೂ ಕೂಡಿಸುತ್ತಿದ್ದಾರೆಂದು ಸುದ್ದಿ ಹೋಯಿತು. ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಬುದ್ಧಿ ಹೇಳಲು ಬಂದ. ಅದು ನಡೆಯಲಿಲ್ಲ.

1858ರ ಫೆಬ್ರವರಿ 7ರ ರಾತ್ರಿ ಲಿಂಗಸುಗೂರಿನಿಂದ ಬಂದ ಕ್ಯಾಪ್ಟನ್ ವಿಂಡಮ್‌ನ ಬಿಡಾರದ ಮೇಲೆ ದಾಳಿ ಆಯಿತು. ಬೇಡರದು ಹಳೆಯ ವಿದ್ಯೆ, ಕತ್ತಲು ಮತ್ತು ಕಲ್ಲು. ಮರುದಿನ ಊರಿನ ಮುಂದಿನ ಕಾದಾಟದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೀವರ್ಟ್ ಗಾಯಗೊಂಡು ಬದುಕಲಿಲ್ಲ. ಆದರೆ ಕರ್ನಲ್ ಮಾಲ್ಕಮ್‌ನ ಪಡೆ ಇನ್ನೊಂದು ಕಡೆಯಿಂದ ಬರುತ್ತಿತ್ತು. ಆ ರಾತ್ರಿಯೇ ರಾಜರು ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟರು. ಬೆಳಗಾಗುವಷ್ಟರಲ್ಲಿ ಊರು ಬರಿದು. ವಾಗಣಗೇರಾ ಒಬ್ಬ ಬಾದಶಹನನ್ನು ಎರಡೂವರೆ ತಿಂಗಳಿಗಿಂತ ಹೆಚ್ಚು ತಡೆದಿತ್ತು. ಸುರಪುರ ನಿಂತದ್ದು ಎರಡು ದಿನ. ಜನರ ಕೆಚ್ಚಿನಲ್ಲಿ ವ್ಯತ್ಯಾಸವಿತ್ತೆಂದು ನನಗನ್ನಿಸುವುದಿಲ್ಲ. 1705ರಲ್ಲಿ ಎರಡೂ ಕಡೆಯವರ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ ಬಂದೂಕು, 1858ರಲ್ಲಿ ಹಾಗಿರಲಿಲ್ಲ.

ಹೈದರಾಬಾದಿನಲ್ಲಿ ಸಾಲಾರ್ ಜಂಗ್‌ನ ಜನ ರಾಜರನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು. ಸೆರೆಯಲ್ಲಿ ನೋಡಲು ಬಂದ ಟೇಲರನ ಹತ್ತಿರ ಅವರು ಕೇಳಿಕೊಂಡದ್ದು ಒಂದೇ. ಕಳ್ಳನ ಹಾಗೆ ನೇಣಿಗೆ ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು. ಮರಣದಂಡನೆ ಮೊದಲು ಜೀವಾವಧಿಗೆ ಇಳಿಯಿತು, ಆಮೇಲೆ ಗವರ್ನರ್ ಜನರಲ್ ಅದನ್ನು ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯೆಂದು ಬದಲಿಸಿದ. ನಡತೆ ಒಳ್ಳೆಯದಿದ್ದರೆ ಸಂಸ್ಥಾನ ಹಿಂದಿರುಗಿಸುವ ಮಾತೂ ಇತ್ತು. ರಾಜರು ಅಲ್ಲಿಯವರೆಗೆ ತಲುಪಲೇ ಇಲ್ಲ. ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿ ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದ, ಪಟ್ಟಿಯಲ್ಲಿ ರಿವಾಲ್ವರ್ ಇತ್ತು. ಗುಂಡಿನ ಸದ್ದು ಕೇಳಿ ಓಡಿಬಂದಾಗ ರಾಜರು ಸತ್ತು ಬಿದ್ದಿದ್ದರು ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜಾತಕದಲ್ಲಿತ್ತು ಎಂದೂ ಸೇರಿಸುತ್ತಾನೆ. ಸುರಪುರದಲ್ಲಿ ಇದನ್ನು ಒಪ್ಪದವರು, ಕೊಂದರೆಂದೇ ನಂಬಿದವರು ಇಂದಿಗೂ ಇದ್ದಾರೆ. ಒಂದು ಮಾತ್ರ ಗಮನಕ್ಕೆ ಬರುತ್ತದೆ. ಒಮ್ಮೆ ತುಂಬಿದರೆ ಐದಾರು ಸಲ ಹಾರಿಸಬಲ್ಲ, ಪ್ರತಿ ಗುಂಡಿಗೂ ಮದ್ದು ಗಜಗಳ ಗೊಡವೆ ಇಲ್ಲದ ಆಯುಧ ಆಗ ಇಂಗ್ಲಿಷ್ ಅಧಿಕಾರಿಗಳ ಸೊಂಟಕ್ಕೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಬೇಡರ ದೊರೆಗೆ ಅದು ಕೈಗೆ ಸಿಕ್ಕದ್ದು ಆ ಒಂದೇ ಗಳಿಗೆಗೆ.

ಸುರಪುರಕ್ಕೆ ಮೊದಲೇ ಹಲಗಲಿಯಲ್ಲಿ ಇನ್ನೊಂದು ಪಾಠ ನಡೆದುಹೋಗಿತ್ತು. 1857ರ ಹತ್ಯಾರು ಕಾಯ್ದೆಯಂತೆ ಮುಧೋಳ ಸಂಸ್ಥಾನದಲ್ಲಿ ಎಲ್ಲರೂ ಆಯುಧ ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದು ಡಂಗುರ ಹೊಡೆದಾಗ ಹಲಗಲಿಯ ಬೇಡರು ಒಲ್ಲೆವೆಂದರು. ಬೇಡನಿಗೆ ಬಂದೂಕು ಅನ್ನ, ಕಾವಲು, ಮದುವೆಯ ಮೆರವಣಿಗೆ, ದಸರೆಯ ಪೂಜೆ. ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು, ಹತ್ತೊಂಬತ್ತು ಜನರನ್ನು ಮುಧೋಳ, ಹಲಗಲಿಗಳಲ್ಲಿ ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಶಾಸನಗಳನ್ನು ಓದಿ ಹೆಸರಾದ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅತ್ತ ಕೊಡಗಿನಲ್ಲಿ 1861ರಲ್ಲಿ ಅದೇ ಸರಕಾರ ಕೊಡವರಿಗೂ ಜಮ್ಮಾ ರೈತರಿಗೂ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟಿತು. ಅವರು ನಿಷ್ಠರು, ಇವರು ಅಲ್ಲ, ಅಷ್ಟೇ ಲೆಕ್ಕ. 1878ರ ಶಸ್ತ್ರ ಕಾಯ್ದೆ ಬರುವ ಹೊತ್ತಿಗೆ ಬಂದೂಕು ದೇಶದಲ್ಲೆಲ್ಲ ಲೈಸೆನ್ಸಿನ ಕಾಗದವಾಗಿತ್ತು.

ಇತ್ತ ಕಾಗದ ಬಿಗಿಯಾಗುತ್ತಿದ್ದ ಕಾಲದಲ್ಲೇ ಅತ್ತ ಫ್ರಾನ್ಸಿನಲ್ಲಿ ಆ ಅರ್ಧ ನಿಮಿಷವನ್ನು ಪೂರ್ತಿ ಇಲ್ಲವಾಗಿಸುವ ಕೆಲಸ ಗುಟ್ಟಾಗಿ ನಡೆದಿತ್ತು. ಗುಟ್ಟು ಎಂದರೆ ಫ್ರೆಂಚರಿಗೆ ಒಂದು ಚಟವೇ. 1870ರ ಪ್ರಶ್ಯನ್ ಯುದ್ಧಕ್ಕೆ ಮುಂಚೆ ಮಿತ್ರಾಯ್ಯೂಸ್ ಎಂಬ ಬಹುನಳಿಗೆಯ ತುಪಾಕಿಯನ್ನು ಎಷ್ಟು ಗುಟ್ಟಾಗಿ ಇಟ್ಟಿದ್ದರೆಂದರೆ ಯುದ್ಧ ಬಂದಾಗ ಅದನ್ನು ಹೇಗೆ ಬಳಸಬೇಕೆಂದು ಅವರ ಸೈನಿಕರಿಗೇ ಗೊತ್ತಿರಲಿಲ್ಲ. 1886ರಲ್ಲಿ ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲ್ ತಂದು ಜಗತ್ತಿನ ಎಲ್ಲ ಬಂದೂಕುಗಳನ್ನೂ ಹಳೆಯದು ಮಾಡಿದರು. ಎಂಟು ತೋಟೆ ಹಿಡಿಯುವ ಕೊಳವೆ, ಎಂಟು ಮಿಲಿಮೀಟರ್ ಗುಂಡು; ಪ್ರತಿ ಸಲವೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು, ಅಷ್ಟೇ. ಆ ಎಳೆದು ತಳ್ಳುವುದನ್ನೂ ಬಂದೂಕೇ ಮಾಡಿಕೊಂಡರೆ? ಆಯುಧ ಕಾರ್ಖಾನೆಗಳು, ಗುರಿಶಾಲೆ, ತೋಪುಪಡೆಯ ತಾಂತ್ರಿಕ ವಿಭಾಗ, ಎಲ್ಲರೂ ಪೈಪೋಟಿಯಲ್ಲಿ ನಮೂನೆ ಮಾಡತೊಡಗಿದರು. ಅಕ್ಷರ, ಅಂಕಿಗಳ ಗುಪ್ತನಾಮದ ಆ ಸಾಲಿನಲ್ಲಿ ಗೆದ್ದದ್ದು ಎತಿಯೆನ್ ಮೊನ್ಯೇ ರೂಪಿಸಿದ ಎ6. 1910ರಲ್ಲಿ ಸೈನ್ಯ ಅದನ್ನು ಒಪ್ಪಿಕೊಂಡಿತು.

ಒಳಗಿನ ಕೆಲಸ ಹೀಗೆ. ಗುಂಡು ಹಾರಿದ ಒದೆತಕ್ಕೆ ನಳಿಗೆಯೂ ಅದರ ಹಿಂದಿನ ಬೋಲ್ಟೂ ಒಂದನ್ನೊಂದು ಕಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತವೆ. ಕೊನೆ ಮುಟ್ಟಿದ ಮೇಲೆ ಬೋಲ್ಟ್ ಅಲ್ಲೇ ಸಿಕ್ಕಿ ನಿಲ್ಲುತ್ತದೆ, ನಳಿಗೆ ಮಾತ್ರ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಹೋಗುತ್ತದೆ. ಖಾಲಿ ತೋಟೆ ಹೊರಕ್ಕೆ ಹಾರುತ್ತದೆ. ಆಮೇಲೆ ಬೋಲ್ಟ್ ಬಿಡುಗಡೆಯಾಗಿ ಮುಂದಕ್ಕೆ ನುಗ್ಗುತ್ತಾ ಮ್ಯಾಗಜೀನಿನಿಂದ ಹೊಸ ತೋಟೆಯನ್ನು ತಳ್ಳಿಕೊಂಡು ಹೋಗಿ ಬಾಯಿ ಮುಚ್ಚುತ್ತದೆ. ಸೈನಿಕನ ಬೆರಳು ಮತ್ತೆ ಟ್ರಿಗರ್‌ಗೆ ಬರುವ ಮೊದಲೇ ಇಷ್ಟೂ ಮುಗಿದಿರುತ್ತದೆ. ವಾಗಣಗೇರಾದ ಬಂಡೆಯ ಹಿಂದೆ ಬೇಡ ಕೂತು ಮಾಡುತ್ತಿದ್ದ ಮದ್ದು, ಗುಂಡು, ಗಜ, ರಂಜಕ, ಬತ್ತಿಯ ಇಡೀ ಸಂಸಾರ ಒಂದು ಸ್ಪ್ರಿಂಗಿನ ಓಡಾಟದಲ್ಲಿ ಅಡಗಿತ್ತು. ಒಮ್ಮೆ ಒತ್ತಿದರೆ ಒಂದೇ ಗುಂಡು. ಮಷೀನ್ ಗನ್ನಿನ ಹಾಗೆ ಸುರಿಮಳೆಯಲ್ಲ. ಗುಂಡು ಏಳು ಮಿಲಿಮೀಟರಿನದು, ಅದಕ್ಕಾಗಿಯೇ ಹೊಸದಾಗಿ ಮಾಡಿದ ತೋಟೆ. ತಯಾರಿಕೆ ತ್ಯುಲ್ ಎಂಬ ಊರಿನ ಸರಕಾರಿ ಕಾರ್ಖಾನೆಯಲ್ಲಿ.

ಎಡವಟ್ಟು ಆ ತೋಟೆಯಲ್ಲೇ ಇತ್ತು. ತಯಾರಿಕೆ ಸರಿಯಾಗಿ ಶುರುವಾಗುವ ಮೊದಲೇ 1914ರ ಆಗಸ್ಟ್ ಬಂತು, ಜೊತೆಗೆ ಮೊದಲ ಮಹಾಯುದ್ಧ. ಫ್ರಾನ್ಸಿನ ಉಗ್ರಾಣಗಳಲ್ಲಿ ತುಂಬಿದ್ದು ಎಂಟು ಮಿಲಿಮೀಟರಿನ ಲೆಬೆಲ್ ತೋಟೆ, ಕಾರ್ಖಾನೆಗಳೂ ಅದಕ್ಕೇ ಹೊಂದಿದ್ದವು. ಯುದ್ಧದ ನಡುವೆ ಇಡೀ ಸೈನ್ಯದ ತೋಟೆ ಬದಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಯೋಜನೆ ಕಪಾಟಿಗೆ ಹೋಯಿತು. 1916ರಲ್ಲಿ ಕಂದಕಗಳಲ್ಲಿ ಕೂತ ಸೈನಿಕರಿಗೆ ಬೇಗ ಹಾರುವ ಬಂದೂಕು ಬೇಕೆಂದಾಗ ಮತ್ತೆ ಹೊರತೆಗೆದು ಸುಮಾರು ಸಾವಿರ ಮಾಡಿಸಿ, ಗುರಿಕಾರರಿಗೆ ಹಂಚಿದರು. ಅದು ಕೆಸರಿನ ಯುದ್ಧ. ನಳಿಗೆಯೇ ಹಿಂದೆ ಮುಂದೆ ಓಡಾಡುವ ನಾಜೂಕಿನ ಉದ್ದ ಬಂದೂಕಿಗೆ ಒಗ್ಗುವ ಜಾಗವಲ್ಲ. ಆ ತೋಟೆ ಬೇರೆ ಯಾವ ಬಂದೂಕಿಗೂ ಆಗದು, ಬೇರೆ ತೋಟೆ ಇದಕ್ಕಾಗದು. ಹೆಚ್ಚು ದಿನ ನಡೆಯಲಿಲ್ಲ.

ಅದೇ 1916ರ ಜುಲೈ 14ರಂದು, ಸೋಮ್ ಕದನದ ಹೈ ವುಡ್ ಎಂಬ ಕಾಡಿನ ಬಳಿ, 20ನೆಯ ಡೆಕ್ಕನ್ ಹಾರ್ಸ್ ಭರ್ಜಿ ಹಿಡಿದು ಕುದುರೆಯ ಮೇಲೆ ಜರ್ಮನರತ್ತ ನುಗ್ಗಿತು. ಈ ಪಡೆ 1826ರಲ್ಲಿ ನಿಜಾಮನ ಅಶ್ವದಳವಾಗಿ ಹುಟ್ಟಿ, ಹೈದರಾಬಾದ್ ಕಂಟಿಂಜೆಂಟಿನಲ್ಲಿ ಬೆಳೆದು, 1903ರಲ್ಲಿ ಹೆಸರು ಬದಲಿಸಿಕೊಂಡದ್ದು. ದಖನ್ನಿನ ರೀತಿಯಲ್ಲಿ ಕಾದಿದ ಕುದುರೆಗಳೂ, ಬೆರಳೊತ್ತಿದರೆ ತಾನೇ ತುಂಬಿಕೊಳ್ಳುವ ರೈಫಲ್ಲೂ ಫ್ರಾನ್ಸಿನ ನೆಲದಲ್ಲಿ ಒಂದೇ ವರ್ಷ ಇದ್ದವು. ಮಷೀನ್ ಗನ್ನಿನ ಮುಂದೆ ಭರ್ಜಿಗೆ ಸಿಕ್ಕ ಗೆಲುವು ಎಷ್ಟೋ ಅಷ್ಟೇ. ಮರುದಿನ ಆ ಜಾಗ ಬಿಟ್ಟು ಬರಬೇಕಾಯಿತು.

ಮೊನ್ಯೇಯ ರೈಫಲ್ಲಿನಿಂದ ಕಲಿತು ಫ್ರೆಂಚರು ಮುಂದಿನದನ್ನು ಹಳೆಯ ಲೆಬೆಲ್ ತೋಟೆಗೇ ಹೊಂದುವಂತೆ ಮಾಡಿದರು. ರಿಬೆರೋಲ್, ಸುತೆ, ಶೋಶಾ ಎಂಬ ಮೂವರ ಹೆಸರಿನ 1917ರ ಆರ್‌ಎಸ್‌ಸಿ ರೈಫಲ್ ಅದು. ನಳಿಗೆ ಓಡಾಡುವ ಗೋಜಿಲ್ಲ. ನಳಿಗೆಯಲ್ಲೊಂದು ಸಣ್ಣ ತೂತು, ಗುಂಡಿನ ಹಿಂದೆ ಬರುವ ಅನಿಲದ ಸ್ವಲ್ಪ ಪಾಲು ಅದರಿಂದ ನುಗ್ಗಿ ಒಂದು ದಂಡವನ್ನು ಹಿಂದಕ್ಕೆ ತಳ್ಳಿ ಬೋಲ್ಟ್ ತೆರೆಯುತ್ತದೆ. ತೂಕ, ಉದ್ದ, ಸುಲಭವಾಗಿ ಜಜ್ಜಿಹೋಗುವ ಮ್ಯಾಗಜೀನು ಎಂದು ದೂರುಗಳಿದ್ದರೂ ಎಂಬತ್ತೈದು ಸಾವಿರಕ್ಕೂ ಹೆಚ್ಚು ತಯಾರಾಗಿ ಯುದ್ಧದಲ್ಲಿ ಬಳಕೆಯಾದವು.

ಯುದ್ಧ ಮುಗಿಯಿತು. ಇಷ್ಟೆಲ್ಲ ಮುಂದೆ ಓಡಿದ ಫ್ರಾನ್ಸ್ ಆಮೇಲೆ ತಡೆದು ನಿಂತಿತು. 1936ರಲ್ಲಿ ಒಪ್ಪಿಕೊಂಡ ಹೊಸ ರೈಫಲ್ ಮತ್ತೆ ಕೈಯಿಂದ ಬೋಲ್ಟ್ ಎಳೆಯುವುದೇ. ತಾನೇ ತುಂಬಿಕೊಳ್ಳುವ ರೈಫಲ್ ಇಡೀ ಸೈನ್ಯಕ್ಕೆ ಸಿಗಲು 1949 ಬರಬೇಕಾಯಿತು. ಉಗ್ರಾಣದಲ್ಲಿ ಉಳಿದಿದ್ದ 1917ರ ರೈಫಲ್ಲುಗಳನ್ನು 1935ರ ಸುಮಾರಿಗೆ ಹೊರತೆಗೆದರು. ಅನಿಲ ನುಗ್ಗುವ ಆ ಸಣ್ಣ ತೂತನ್ನು ಮುಚ್ಚಿ, ಪ್ರತಿ ಗುಂಡಿಗೂ ಕೈಯಿಂದಲೇ ಎಳೆಯಬೇಕಾದ ಹಾಗೆ ಮಾಡಿದರು. ಹಾಗೆ ಮಾಡಿದ ಬಂದೂಕುಗಳನ್ನು ತಮ್ಮ ವಸಾಹತುಗಳ ಪಡೆಗಳಿಗೆ ಕೊಟ್ಟರು.